ಅಂಚಿನ ಬರಹ ಕೆರೆದ ಕೈ

1946ರ ಡಿಸೆಂಬರ್, ಬೆಳಗಿನ ಆರೂವರೆ. ಹ್ಯಾಂಬರ್ಗಿನ ಬಂದರಿನ ಬದಿಗೆ, ಬಾಂಬಿಗೆ ಗೋಪುರ ಕಳೆದುಕೊಂಡ ಚರ್ಚೊಂದರ ನೆಲಮಾಳಿಗೆಯಲ್ಲಿ ಅಲ್ವೀನೆ ಟಿಮ್ಮಾನ್ ಶಾಯಿ ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಾರೆ. ರಾತ್ರಿಯೆಲ್ಲ ಗಟ್ಟಿಯಾದ ಶಾಯಿ ಮೈಯ ಕಾವಿಗೆ ಕರಗಬೇಕು. ಒಲೆಯಿದೆ, ಕಲ್ಲಿದ್ದಲಿಲ್ಲ. ಎದುರಿನ ಕಪಾಟಿನಲ್ಲಿ ಮುನ್ನೂರು ವರ್ಷಗಳ ದೀಕ್ಷಾಸ್ನಾನದ ಪುಸ್ತಕಗಳಿವೆ. ಊರು ಸುಟ್ಟರೂ ಇವು ಸುಡಲಿಲ್ಲ.

ಹೊರಗೆ ಆಗಲೇ ಹನ್ನೆರಡು ಜನ ಸಾಲು ನಿಂತಿದ್ದಾರೆ. ಅರವತ್ತೊಂದರ ಈ ಹೆಂಗಸು ಕಿಟಕಿ ತೆರೆಯುವ ಮುಂಚೆ ಸಂದಿಯಲ್ಲಿ ಇಣುಕಿ ಎಲ್ಲರ ಬೂಟು ನೋಡುತ್ತಾರೆ.

"ಈ ಡಿಸೆಂಬರಲ್ಲಿ ಬೂಟು ಗಟ್ಟಿಮುಟ್ಟಾಗಿದ್ರೆ, ಆ ಮನುಷ್ಯ ಸುಳ್ಳು ಹೇಳೋಕೇ ಬಂದಿರ್ತಾನೆ" ಎನ್ನುತ್ತಾರೆ.

ಮೊದಲು ಬಂದವನು ಕಸಾಯಿ ಷ್ಲೂಟರ್. ಬೂಟು ಮಿರಮಿರ ಮಿಂಚುತ್ತಿದೆ.

"ಟಿಮ್ಮಾನ್ ಅಮ್ಮ, ನಮ್ಮ ಅಜ್ಜಿ ಕಡೆ ಯಾರೋ ಒಬ್ರು ಇದ್ರಂತೆ."

"ಯಾರೋ ಒಬ್ರು ಅಂದ್ರೆ?"

"ಅದೇ... ಯಹೂದಿ."

"ಮೂವತ್ತಾರನೇ ಇಸವೀಲಿ ಇದೇ ಕಿಟಕೀಲಿ ನಿಂತು ನಾಲ್ಕು ತಲೆಮಾರು ಅಪ್ಪಟ ಅಂತ ಬರೆಸ್ಕೊಂಡು ಹೋದ್ರಲ್ಲ, ಹೆರ್ ಷ್ಲೂಟರ್?"

"ಆಗ ಅವಸರದಲ್ಲಿ ಸರಿಯಾಗಿ ನೋಡಿರಲಿಲ್ಲವೇನೋ."

"ನಾನು ನೋಡಿದ್ದೆ. ಅಲ್ಲಿಂದ ಇಲ್ಲೀತನಕ ಎಲ್ಲ ಹಂದಿ ಕಡಿಯೋರೇ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಷ್ಲೂಟರ್ ಗೊಣಗುತ್ತ ಹೋಗುತ್ತಾನೆ. ವಾರಕ್ಕೆ ಇಂಥವರು ನಾಲ್ಕೈದು ಮಂದಿ. ಹತ್ತು ವರ್ಷದ ಹಿಂದೆ ಅಜ್ಜಿಯನ್ನು ತೊಳೆದು ಬಿಳಿ ಮಾಡಿಕೊಡಿ ಎಂದು ಬಂದವರೇ ಈಗ ಅದೇ ಅಜ್ಜಿಗೆ ಮಸಿ ಬಳಿದುಕೊಡಿ ಎಂದು ಬರುತ್ತಾರೆ. ನಾಜಿಗಳಿಂದ ನೊಂದವರಿಗೆ ಹೆಚ್ಚು ರೇಷನ್ನು, ಒಲೆಯಿರುವ ಕೋಣೆ ಸಿಗುತ್ತದೆಂದು ಕೇಳಿದ್ದಾರೆ. ನಾಚಿಕೆ ಎಂಬುದು ಈ ಊರಲ್ಲಿ ಬಾಂಬಿಗೆ ಮುಂಚೆಯೇ ಸುಟ್ಟುಹೋಗಿತ್ತು.

ಅಲ್ವೀನೆಯ ಗಂಡ ಇಲ್ಲಿ ಗಂಟೆ ಹೊಡೆಯುತ್ತಿದ್ದ. ಅವನು ಸತ್ತ ಮರುವರ್ಷ, ಅಕ್ಷರ ದುಂಡಗಿದೆಯೆಂದು ಪಾದ್ರಿ ಈಕೆಗೆ ನಕಲು ಬರೆಯುವ ಕೆಲಸ ಕೊಟ್ಟರು. ಅದೇ ಶರತ್ಕಾಲಕ್ಕೆ, ಮೂವತ್ತೈದರಲ್ಲಿ, ನಾಜಿಗಳ ಆ ಕಾನೂನು ಬಂತು. ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಯಹೂದಿಗಳಾದರೆ ನೀನೂ ಯಹೂದಿ. ಇಬ್ಬರಾದರೆ ಅರ್ಧ, ಒಬ್ಬರಾದರೆ ಕಾಲು. ಅರ್ಧದವನು ಹೇಗೋ ಉಸಿರಾಡಬಹುದು, ಮುಕ್ಕಾಲಿನವನಿಗೆ ಅದೂ ಇಲ್ಲ. ಸಂತೆಯಲ್ಲಿ ಬೆಣ್ಣೆ ತೂಗುವವನೂ ಇಷ್ಟು ನಿರ್ಲಜ್ಜವಾಗಿ ತೂಗಲಾರ.

ಅಜ್ಜಿ ಏನಾಗಿದ್ದಳೆಂದು ತಿಳಿಯುವುದು ಹೇಗೆ? ರಕ್ತ ರಕ್ತ ಎಂದು ಬೊಬ್ಬೆ ಹೊಡೆದ ಕಾನೂನು ಕೊನೆಗೆ ಇಣುಕಿದ್ದು ಪಾದ್ರಿಯ ಪುಸ್ತಕದೊಳಗೆ. ರಕ್ತದಲ್ಲಿ ಏನೂ ಕಾಣದು, ಅದು ಅವರಿಗೂ ಗೊತ್ತಿತ್ತು. ಹಾಗಾಗಿ ಇಡೀ ದೇಶ ನಕಲಿಗಾಗಿ ಚರ್ಚುಗಳ ಮುಂದೆ ಸಾಲು ನಿಂತಿತು. ಅಲ್ವೀನೆ ದಿನಕ್ಕೆ ಅರವತ್ತು ನಕಲು ಬರೆದರು. ಬೆರಳ ಗಂಟುಗಳು ಇಂದಿಗೂ ಬಾತುಕೊಂಡಿವೆ.

"ನಾನು ಯಾರನ್ನೂ ಏನೂ ಮಾಡ್ಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದೆ" ಎನ್ನುತ್ತಾರೆ. ಶಾಯಿ ಬಾಟಲಿಯನ್ನು ಅಲುಗಿಸಿ ನೋಡಿ, "ಅದೇ ತಪ್ಪು" ಎನ್ನುತ್ತಾರೆ.

ಆ ತಪ್ಪಿಗೆ ಹೆಸರಿದೆ: ರೂಡಿ ಆಷರ್. ರೂಡಿಯ ಅಜ್ಜಂದಿರಿಬ್ಬರೂ ಯಹೂದಿಗಳು, ಅಜ್ಜಿಯರಿಬ್ಬರೂ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು. ಅಂದರೆ ಲೆಕ್ಕಕ್ಕೆ ಇಬ್ಬರು. ಹುಡುಗ ಅರ್ಧದಲ್ಲಿ ಉಳಿಯಬೇಕಿತ್ತು. ಮೂವತ್ತೆಂಟರಲ್ಲಿ ವಂಶ ಶೋಧಿಸುವ ಕಚೇರಿಯವರು ಅವನ ಅಪ್ಪನ ತಾಯಿ ವಿಲ್ಹೆಲ್ಮಿನೆಯ ನಕಲು ಕೇಳಿ ಬರೆದರು. ಅವರ ಫಾರಮ್ಮಿನಲ್ಲಿ ಹೆಸರು, ತಾರೀಖು, ತಂದೆ ತಾಯಿ, ಅಷ್ಟೇ ಇದ್ದದ್ದು. ಪುಸ್ತಕದ ಅಂಚಿನಲ್ಲಿ ಮಾತ್ರ ಹಳೆಯ ಪಾದ್ರಿಯೊಬ್ಬರು ಸಣ್ಣಗೆ ಇನ್ನೊಂದು ಸಾಲು ಬರೆದಿಟ್ಟಿದ್ದರು: 1872ರಲ್ಲಿ ವ್ಯಾಪಾರಿ ಆಷರನನ್ನು ಮದುವೆಯಾಗಲು ಚರ್ಚು ಬಿಟ್ಟು ಯಹೂದಿ ಮತಕ್ಕೆ ಹೋದಳು.

ಯಾರೂ ಕೇಳಿರಲಿಲ್ಲ. ಅಲ್ವೀನೆ ಅದನ್ನೂ ನಕಲು ಮಾಡಿದರು. ಬರೆಯುವುದಾದರೆ ಪೂರ್ತಿ ಬರೆಯಬೇಕು ಎಂಬುದು ಆಕೆಯ ಹೆಮ್ಮೆಯಾಗಿತ್ತು.

ಆ ಕಾನೂನಿನ ಕುತ್ತಿಗೆ ಹಿಸುಕಬೇಕೆನಿಸುವುದು ಇಲ್ಲಿ. ಯಹೂದಿ ಸಭೆಗೆ ಸೇರಿದ ಅಜ್ಜಿ, ಹುಟ್ಟಿನಿಂದ ಅಪ್ಪಟ ಜರ್ಮನ್ ಮೀನುಗಾರನ ಮಗಳಾದರೂ, ಯಹೂದಿಯೆಂದೇ ಲೆಕ್ಕ. ಇಬ್ಬರಿದ್ದದ್ದು ಮೂವರಾಯಿತು. ನಲವತ್ತೊಂದರಲ್ಲಿ ರೂಡಿ ಎದೆಗೆ ಯಹೂದಿಗಳಿಗೆ ಕಡ್ಡಾಯ ಮಾಡಿದ್ದ ಹಳದಿ ನಕ್ಷತ್ರ ಹೊಲಿದುಕೊಂಡು ಈ ಕಿಟಕಿಗೆ ಬಂದ.

"ಅಮ್ಮ, ಫಾರಮ್ಮಲ್ಲಿ ಅದಕ್ಕೆ ಜಾಗಾನೇ ಇರ್ಲಿಲ್ಲವಲ್ಲ. ಯಾಕೆ ಬರೆದ್ರಿ?" ಎಂದಷ್ಟೇ ಕೇಳಿದ.

"ಪುಸ್ತಕದಲ್ಲಿದೆ" ಎಂದರು ಅಲ್ವೀನೆ. ನವೆಂಬರಿನಲ್ಲಿ ಅವನನ್ನು ಮಿನ್‌ಸ್ಕಿಗೆ ಹೋಗುವ ರೈಲಿಗೆ ಹತ್ತಿಸಿದರು. ಆಮೇಲೆ ಅವನ ಸುದ್ದಿಯಿಲ್ಲ.

ಆ ಚಳಿಗಾಲದಲ್ಲಿ ಆಕೆ ಪೆನ್ನು ಹರಿತ ಮಾಡುವ ಚಾಕುವಿನಿಂದ ಅಂಚಿನ ಸಾಲನ್ನು ಕೆರೆದು ತೆಗೆದರಂತೆ. ರೂಡಿಯ ತಂಗಿ ಮಾರ್ಗಿಟ್ ಇನ್ನೂ ಊರಿನಲ್ಲಿದ್ದಳು. ಯಾರಾದರೂ ಪುಸ್ತಕ ಪರೀಕ್ಷಿಸಲು ಬಂದರೆ ಅವಳಾದರೂ ಉಳಿಯಲಿ ಎಂದು. ಯಾರೂ ಬರಲಿಲ್ಲ. ಮಾರ್ಗಿಟ್ ಉಳಿದದ್ದು ಕೆರೆತದಿಂದಲ್ಲ, ಹಡಗುಕಟ್ಟೆಯ ಬಡಗಿ ಹಿನ್ರಿಕ್ಸ್ ಎಂಬ ಕ್ರೈಸ್ತ ಗಂಡನಿಂದ; ಕ್ರೈಸ್ತರನ್ನು ಮದುವೆಯಾದವರನ್ನು ಆಗಿನ್ನೂ ರೈಲಿಗೆ ಹತ್ತಿಸುತ್ತಿರಲಿಲ್ಲ. ನಲವತ್ತಮೂರರ ಬಾಂಬಿಗೆ ಅವನೂ ಸತ್ತ, ಕಾಗದಪತ್ರಗಳೂ ಸುಟ್ಟವು. ಅಲ್ಲಿಂದ ಯುದ್ಧ ಮುಗಿಯುವವರೆಗೆ ಅವಳು ಬೇರೆ ಹೆಸರಿನಲ್ಲಿ ನೆಲಮಾಳಿಗೆಯಿಂದ ನೆಲಮಾಳಿಗೆಗೆ ಅಲೆದಳು.

ಕಳೆದ ತಿಂಗಳು ಅವಳೇ ಈ ಸಾಲಿನಲ್ಲಿ ನಿಂತಿದ್ದಳು. ವಯಸ್ಸು ಇಪ್ಪತ್ತೇಳು, ಎರಡು ಮಾತಿಗೊಮ್ಮೆ ಕೆಮ್ಮು. ಕಾಲಿಗೆ ಬೂಟಿರಲಿಲ್ಲ, ಗೋಣಿ ಸುತ್ತಿದ್ದಳು.

ಪರಿಹಾರ ಸಮಿತಿಯವರು ಅವಳನ್ನು ನಂಬಿರಲಿಲ್ಲ. ಶಿಬಿರದಲ್ಲಿದ್ದ ದಾಖಲೆಯಿಲ್ಲ, ಮೂವತ್ತೆಂಟರ ಆ ನಕಲೂ ಉಳಿದಿಲ್ಲ. ಅಜ್ಜಂದಿರಿಬ್ಬರೇ ಯಹೂದಿಗಳೆಂದರೆ ನೀನು ಅರ್ಧ, ಅರ್ಧದವರಿಗೆ ಒಲೆಯ ಕೋಣೆಯಿಲ್ಲ ಎಂದರಂತೆ. ಓದುಗರೇ, ಇನ್ನೊಮ್ಮೆ ಓದಿಕೊಳ್ಳಿ. ಹಿಟ್ಲರ್ ಸತ್ತು ಒಂದೂವರೆ ವರ್ಷವಾಗಿದೆ, ಅವನ ತಕ್ಕಡಿ ಮಾತ್ರ ಇನ್ನೂ ಮೇಜಿನ ಮೇಲೆಯೇ ಇದೆ. ಈ ಚಳಿಗಾಲವನ್ನೂ ಒದ್ದೆ ನೆಲಮಾಳಿಗೆಯಲ್ಲಿ ಕಳೆದರೆ ಶ್ವಾಸಕೋಶ ತಡೆಯದು ಎಂದು ವೈದ್ಯರು ಹೇಳಿದ್ದಾರೆ. ಅಣ್ಣನನ್ನು ಕೊಂದ ಆ ಒಂದು ಸಾಲೇ ಈಗ ತಂಗಿಗೆ ಬೇಕು.

"ಕೊಡಿ, ಆ ದರಿದ್ರ ಸಾಲನ್ನು ಬರೆದುಕೊಡಿ" ಎಂದಳು.

ಅಲ್ವೀನೆ ಪುಸ್ತಕ ತೆರೆದು ತೋರಿಸಿದರು. ಅಂಚು ಖಾಲಿ. "ನಾನೇ ಕೆರೆದೆ. ನಿಮಗೋಸ್ಕರ."

ಮಾರ್ಗಿಟ್ ನಕ್ಕಳು, ನಗು ಕೆಮ್ಮಾಯಿತು. "ಈ ಊರಲ್ಲಿ ಈಗ ಯಾರನ್ನ ಕೇಳಿದ್ರೂ ಒಬ್ಬ ಯಹೂದೀನ ಕಾಪಾಡಿದೋರೇ. ಅಷ್ಟು ಜನ ಕಾಪಾಡಿದ್ರೆ ನಮ್ಮೋರೆಲ್ಲ ಎಲ್ಲಿ ಹೋದ್ರು, ಫ್ರಾವ್ ಟಿಮ್ಮಾನ್? ಯಾವಾಗ ಕೆರೆದ್ರಿ? ಹೋದ ವಾರವಾ? ನಿಮ್ಮ ತಪ್ಪು ಯಾರಿಗೂ ಕಾಣಬಾರದು ಅಂತಲಾ?"

ಅನುಮಾನ ನ್ಯಾಯವಾದದ್ದೇ. ಕೆರೆದ ಜಾಗಕ್ಕೆ ತಾರೀಖು ಇರುವುದಿಲ್ಲ. ಈ ಹೆಂಗಸು ಅಂದು ಹೆದರಿ ಕೆರೆದಳೋ, ಮರುಕಪಟ್ಟು ಕೆರೆದಳೋ, ಯುದ್ಧ ಗೆದ್ದ ಬ್ರಿಟಿಷರು ಊರಿಗೆ ಬಂದ ಮೇಲೆ ಜಾಣತನದಿಂದ ಕೆರೆದಳೋ, ಹೇಳುವವರು ಯಾರು? ನೆರೆಹೊರೆಯವರು ಇವತ್ತಿಗೂ ಮೂರು ಬಗೆಯಾಗಿ ಹೇಳುತ್ತಾರೆ.

ಅಲ್ವೀನೆ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಶಾಯಿ ಹೋಗಿತ್ತು, ಆದರೆ ಹಳೆಯ ಪಾದ್ರಿ ಗರಿಯನ್ನು ಒತ್ತಿ ಬರೆಯುವವರು. ಕಾಗದದಲ್ಲಿ ತಗ್ಗು ಉಳಿದಿತ್ತು. ಮಾರ್ಗಿಟ್ ಮೂಗು ತಾಗುವಷ್ಟು ಹತ್ತಿರ ಬಂದು ಒಂದೊಂದೇ ಅಕ್ಷರ ಓದಿದಳು. 1872. ಆಷರ್.

"ಇಷ್ಟು ಸಾಲದು" ಎಂದಳು. "ಇದನ್ನ ಒಣ ಪೆನ್ನಲ್ಲಿ ನಾನೇ ಕೊರೆದೆ ಅಂತಾರೆ."

"ಸಾಲದು, ಗೊತ್ತು" ಎಂದರು ಅಲ್ವೀನೆ. "ನಾನು ಆಣೆ ಮಾಡಿ ಬರೆದುಕೊಡ್ತೀನಿ."

ಚರ್ಚಿನ ಪುಸ್ತಕ ತಿದ್ದಿದವರಿಗೆ ಆ ಪುಸ್ತಕದ ಬಳಿ ಮತ್ತೆ ಜಾಗವಿಲ್ಲ. ಅದು ಆಕೆಗೂ ಗೊತ್ತು. ಈ ಕೆಲಸ ಹೋದರೆ ಕೈಯಲ್ಲಿ ಏನೂ ಉಳಿಯದು. ಆದರೂ ಕೂತು ಬರೆದರು: ಮೂವತ್ತೆಂಟರಲ್ಲಿ ಕೇಳದಿದ್ದನ್ನು ಬರೆದುಕೊಟ್ಟವಳು ನಾನು, ನಲವತ್ತೆರಡರ ಜನವರಿಯಲ್ಲಿ ಕರುಣೆಯಿಂದ ಅದನ್ನು ಕೆರೆದವಳೂ ನಾನು.

ಮಾರ್ಗಿಟ್ ಓದಿ ಬೆರಳಿಟ್ಟಳು. "'ಕರುಣೆಯಿಂದ' ಅನ್ನೋದನ್ನ ತೆಗೀರಿ."

"ನಿಜ ಅದು."

"ಇರಬಹುದು. ನಾನು ನೋಡಿಲ್ಲ. ನಾನು ನೋಡದ್ದನ್ನ ತಗೊಂಡು ಹೋಗಲ್ಲ."

ಅಲ್ವೀನೆ ಆ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಪಾದ್ರಿಯೂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸಾಕ್ಷಿಯಾಗಿ ಸಹಿ ಮಾಡಿ, ಚರ್ಚಿನ ಮೇಲಧಿಕಾರಿಗಳಿಗೂ ತಿಳಿಸಿದರು. ಉತ್ತರ ಬಂದಿದೆ. ಈ ಶನಿವಾರ ಅಲ್ವೀನೆ ಕಪಾಟಿನ ಬೀಗದ ಕೈ ಒಪ್ಪಿಸಬೇಕು. ಅಲ್ಲಿಯವರೆಗೆ ದಿನಕ್ಕೆ ಹದಿನೈದು ನಕಲು ಬರೆಯುತ್ತಲೇ ಇದ್ದಾರೆ.

ಕೆಲಸ ಹೋದದ್ದರ ಬಗ್ಗೆ ಬೇಸರವಿದೆಯೇ ಎಂದರೆ ಭುಜ ಕುಣಿಸುತ್ತಾರೆ. ಮೊನ್ನೆ ಗುರುವಾರದ ಮಾತು ಹೇಳುತ್ತಾರೆ. ಸಾಲು ಮುಗಿದ ಮೇಲೆ ಮಾರ್ಗಿಟ್ ಬಂದಿದ್ದಳಂತೆ. ಒಳಗೆ ಬರಲಿಲ್ಲ. ಸಮಿತಿಯವರು ಕೊಟ್ಟ ಹೊಸ ಕಾರ್ಡನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನಿಂತಳು. ಒಲೆಯಿರುವ ಕೋಣೆ, ಎರಡನೇ ಮಹಡಿ. ಅಲ್ವೀನೆ ಓದಿ ತಲೆಯಾಡಿಸುವವರೆಗೆ ಕಾದು, ಹೊರಟುಹೋದಳು.

"ಉಪಕಾರ ಆಯ್ತು ಅನ್ನೋಕೆ ಬಂದಳೋ, ನಿನ್ನ ದಯೆ ನಂಗೇನೂ ಬೇಕಿಲ್ಲ ಅನ್ನೋಕೆ ಬಂದಳೋ, ನಂಗೆ ಗೊತ್ತಿಲ್ಲ" ಎನ್ನುತ್ತಾರೆ ಅಲ್ವೀನೆ ಟಿಮ್ಮಾನ್. "ಆದ್ರೆ ನಾನು ಪೂರ್ತಿ ಓದೋವರೆಗೂ ನಿಂತಿದ್ದಳು."