ಬಾಲ ಒಂದೇ, ತಲೆ ಬೇರೆ

ಮದುವೆ ಪತ್ರಿಕೆ ಕೈಗೆ ಬಂದರೆ ನೀವು ಮುಹೂರ್ತ ನೋಡುತ್ತೀರಿ, ಊಟ ಯಾವ ಛತ್ರದಲ್ಲಿ ಎಂದು ನೋಡುತ್ತೀರಿ. ನಾನು ಹಿಂಬದಿ ಖಾಲಿ ಇದೆಯೇ ಎಂದು ನೋಡುತ್ತೇನೆ. ಮೇಷ್ಟ್ರಾಗಿದ್ದಷ್ಟು ಕಾಲವೂ ಹಳೆಯ ಪತ್ರಿಕೆಗಳನ್ನು ಕತ್ತರಿಸಿ, ಅವುಗಳ ಬೆನ್ನಿನ ಮೇಲೆ ಪದ ಬರೆದು ಒಂದನೇ ತರಗತಿಯವರಿಗೆ ಓದಿಸಿದವನು ನಾನು. ನಿವೃತ್ತನಾದರೂ ಚಾಳಿ ಹೋಗಿಲ್ಲ. ಇವತ್ತು ಬಂದ ಪತ್ರಿಕೆಯ ಅರಿಶಿನದ ವಾಸನೆ ಮೂಗಿಗೆ ಬಡಿದದ್ದೇ ಕೈ ತಾನಾಗಿ ಕತ್ತರಿ ಹುಡುಕಿತು.

"ಮದ್ವೆ ಮುಗಿಯೋವರ್ಗಾದ್ರೂ ಬಿಡಿ," ಎಂದಳು ಹೆಂಡತಿ.

ಅನುಗೊಂಡನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ನನ್ನ ಶಾಲೆ ಇತ್ತು. ಮರ, ಸರ, ಬರ, ದರ ಎಲ್ಲ ಒಂದೇ ಮನೆಯವು, ಬಾಲ ಒಂದೇ, ತಲೆ ಮಾತ್ರ ಬೇರೆ ಎನ್ನುವುದು ನನ್ನ ಪಾಠ. ಬಾಲದ ಗುರುತು ಸಿಕ್ಕರೆ ಉಳಿದದ್ದು ತಾನೇ ನಾಲಿಗೆಗೆ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಇಡೀ ಹೋಬಳಿಗೆ ಓದು ಕಲಿಸುತ್ತಿರುವವನು ನಾನೊಬ್ಬನೇ ಎಂಬ ಜಂಬ ನನಗೆ.

ಒಂದು ವರ್ಷ ಶ್ವೇತ ಎಂಬ ಹುಡುಗಿ ಅಜ್ಜಿ ಜೊತೆಗಿಲ್ಲದೆ ಕೂರುವುದಿಲ್ಲವೆಂದು ಹಟ ಹಿಡಿದಳು. ಅಜ್ಜಿ ಮುನಿಯಮ್ಮ ಮೊರ ತಂದು ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತರು. ತರಗತಿಯೆಲ್ಲ ಅವರೆಯ ಸೊಗಡು. ಕೆಲವೇ ದಿನಗಳಲ್ಲಿ ಮೊಮ್ಮಗಳು ಹೊಂದಿಕೊಂಡಳು; ಅಜ್ಜಿ ಬರುವುದು ನಿಲ್ಲಲಿಲ್ಲ.

"ಕಾಯಿ ಇನ್ನೂ ಮುಗಿದಿಲ್ವಾ ಮುನಿಯಮ್ಮ?" ಎಂದು ಕೇಳಿದೆ.

"ಕಾಯಿ ಮುಗೀತು ಮೇಷ್ಟ್ರೆ. ನಿಮ್ ಪಾಠ ಮುಗ್ದಿಲ್ವಲ್ಲ."

ಅವರಿಗೆ ಒಂದು ಆಸೆಯಿತ್ತು. ಕಿರಿಮಗನ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು, ಹೆಸರು ಬರೆದ ಕವರನ್ನು ಆಯಾ ಯಜಮಾನರ ಕೈಗಿಟ್ಟು ಕರೆಯಬೇಕು. ಹಿರಿಮಗನ ಮದುವೆಯಲ್ಲಿ ಹೆಸರು ಓದಿ ಹೇಳಲು ಯಾರ್ಯಾರನ್ನೋ ಗೋಗರೆದು ಕರೆದೊಯ್ದಿದ್ದರಂತೆ. "ಈ ಸಲ ಯಾರ ಹಂಗೂ ಬ್ಯಾಡ. ನಾನೇ ಓದ್ಕೊಂಡು ಕೊಡ್ತೀನಿ," ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಊರಿನ ಗಂಡಸರೆಲ್ಲ ಒಂದೇ ಬಾಲದವರು ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ ನೋಡಿ. ನಂಜಪ್ಪ, ಪಿಳ್ಳಪ್ಪ, ಚನ್ನಪ್ಪ, ಮುನಿಯಪ್ಪ. ಮುನಿಯಮ್ಮ ಪ್ರತಿ ಬಾಗಿಲಲ್ಲೂ ಮೇಲಿನ ಕವರು ತೆಗೆದು, ಕೊನೆಯಲ್ಲಿ 'ಪ್ಪ' ಇರುವುದನ್ನು ಕಣ್ಣಾರೆ ಕಂಡು, ನೆಮ್ಮದಿಯಿಂದ ಕೊಟ್ಟು ಬಂದರು.

ಚನ್ನಪ್ಪನ ಕವರು ಸಿಕ್ಕ ಮುನಿಯಪ್ಪ ನಕ್ಕು ಸುಮ್ಮನಾದರು. ಆದರೆ ಪಿಳ್ಳಪ್ಪನ ಕವರು ನಂಜಪ್ಪನ ಮನೆ ಸೇರಿತ್ತು. ನಂಜಪ್ಪ ಮುನಿಯಮ್ಮನ ತಮ್ಮ, ಮದುವೆ ಗಂಡಿನ ಸೋದರಮಾವ. ಬದುವಿನ ಹುಣಸೆಮರದ ಜಗಳದಲ್ಲಿ ಪಿಳ್ಳಪ್ಪನ ಜೊತೆ ಮಾತು ಬಿಟ್ಟವರು. "ಅಕ್ಕ ಬೇಕಂತ್ಲೇ ಮಾಡವ್ಳೆ. ಮದ್ವೆಗೆ ಬರಲ್ಲ," ಎಂದು ಹೇಳಿ ಕಳಿಸಿದರು. ಸೋದರಮಾವನೇ ಇಲ್ಲದೆ ಶಾಸ್ತ್ರ ಮಾಡುವವರು ಯಾರು?

ಮುನಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತರು. "ಬಾಲ ಸರ್ಯಾಗೇ ಇತ್ತಲ್ಲ ಮೇಷ್ಟ್ರೆ?"

ಸರಿಯಾಗಿಯೇ ಇತ್ತು. ಎಂಥ ಮೇಷ್ಟ್ರಪ್ಪಾ ನಾನು ಎಂದುಕೊಂಡೆ. ಪಿಳ್ಳಪ್ಪನ ಮನೆ ಸೇರಿದ್ದ ನಂಜಪ್ಪನ ಕವರನ್ನು ಬಿಡಿಸಿಕೊಂಡು ಇಬ್ಬರೂ ನಂಜಪ್ಪನ ಜಗಲಿಗೆ ಹೋದೆವು. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮುನಿಯಮ್ಮ, "ನೀವ್ ಸುಮ್ಕಿರಿ," ಎಂದು ಕವರಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

"ನಂ... ಜ..."

ಮುಖ ತಿರುಗಿಸಿ ಕೂತಿದ್ದ ನಂಜಪ್ಪ ಮೆಲ್ಲಗೆ ಇತ್ತ ನೋಡಿದರು. "ಅಕ್ಕ, ಓದ್ತಾ ಇದೀಯಾ?"

"ಇರೋ, ಇನ್ನೂ 'ಪ್ಪ' ಬಂದಿಲ್ಲ."

ತಮ್ಮ 'ಪ್ಪ' ಬರುವವರೆಗೆ ಕಾದರು. ಆಮೇಲೆ ಎದ್ದು ನಿಂತು ಎರಡೂ ಕೈ ಒಡ್ಡಿ ಕವರು ತೆಗೆದುಕೊಂಡರು. ಮದುವೆಯ ದಿನ ಛತ್ರಕ್ಕೆ ಎಲ್ಲರಿಗಿಂತ ಮೊದಲು ಬಂದವರು ಅವರೇ.

ಇವತ್ತಿನ ಪತ್ರಿಕೆ ಅದೇ ಶ್ವೇತಳದು. ಕರೆಯಲು ಬಂದ ಮುನಿಯಮ್ಮನವರಿಗೆ ಬೆನ್ನು ಬಾಗಿದೆ, ದಪ್ಪ ಕನ್ನಡಕ ಬಂದಿದೆ. ಮಡಿಲಿನಲ್ಲಿದ್ದ ಕವರುಗಳಲ್ಲಿ ನನ್ನದನ್ನು ಹುಡುಕಿಕೊಡಲು ಕೈ ಚಾಚಿದೆ. ಅವರು ಕಟ್ಟನ್ನೇ ಹಿಂದಕ್ಕೆ ಎಳೆದುಕೊಂಡರು. ನನ್ನ ಹೆಸರಿನ ಕೊನೆಯಲ್ಲೂ ಒಂದು 'ಪ್ಪ' ಇದೆ. ಅವರು ತಲೆಯಿಂದ ಹಿಡಿದು ಒಂದೊಂದೇ ಅಕ್ಷರ ಓದಿದರು. ನನ್ನ ಹೆಸರನ್ನು ಅಷ್ಟು ಜೋಪಾನವಾಗಿ ಯಾರೂ ಓದಿದ್ದಿಲ್ಲ.

ಕತ್ತರಿಯನ್ನು ಡ್ರಾಯರಿಗೆ ಹಾಕಿದ್ದೇನೆ. ಹೆಂಡತಿ ಅಡುಗೆಮನೆಗೆ ಹೋದ ಮೇಲೆ ಕವರನ್ನು ಮತ್ತೆ ಕೈಗೆತ್ತಿಕೊಂಡು, ಬೆರಳಿಟ್ಟು, ನನ್ನ ಹೆಸರನ್ನು ನಾನೇ ನಿಧಾನವಾಗಿ ಓದಿಕೊಂಡೆ.