ಅಂಗಿಯ ಒಳಮೈ

ನನ್ನಕ್ಕನಿಗೆ ಒಂದು ಚಟ. ಯಾರ ಬಟ್ಟೆ ಕೈಗೆ ಸಿಕ್ಕರೂ ಮೊದಲು ಒಳಮಗ್ಗುಲು ಮಾಡಿ ನೋಡುತ್ತಾಳೆ. ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು ಅವಳು. ಹೊರಗಿನ ಅಂದವನ್ನು ಇಸ್ತ್ರಿಪೆಟ್ಟಿಗೆಯೂ ಕೊಟ್ಟೀತು, ಹೊಲಿದವರ ಯೋಗ್ಯತೆ ಗೊತ್ತಾಗುವುದು ಒಳಗೆ, ಎನ್ನುತ್ತಾಳೆ. ನನ್ನನ್ನು ಮದುವೆಯಾಗುವವನು ಮೊದಲ ಸಲ ಮನೆಗೆ ಬಂದಾಗ, ಕೋಟು ಗೂಟಕ್ಕೆ ಹಾಕುವ ನೆಪದಲ್ಲಿ ಒಳಗೆಲ್ಲ ತಡಕಿ, "ಹುಡುಗ ಪರವಾಗಿಲ್ಲ ಕಣೇ, ಲೈನಿಂಗ್ ಕಿತ್ತುಹೋಗಿದ್ದನ್ನ ತಾನೇ ಹೊಲ್ಕೊಂಡಿದ್ದಾನೆ" ಎಂದು ತೀರ್ಪು ಕೊಟ್ಟಳು.

ಅಂಗಡಿ ಎಂದರೆ ಒಂದೇ ಕೋಣೆ. ಎರಡು ಮೆಷಿನ್ನು, ಕತ್ತರಿಸುವ ಮೇಜು, ಮೂಲೆಯಲ್ಲಿ ಅಳತೆ ತೆಗೆಯಲು ಒಂದು ಪರದೆ. ಪರದೆಯ ಹಿಂದೆ ಕಂಡದ್ದು, ಕೇಳಿದ್ದು ಅವಳ ಬಾಯಿಂದ ಯಾವತ್ತೂ ಹೊರಬಿದ್ದಿಲ್ಲ. ನಾನು ಎಷ್ಟು ಕೆದಕಿದರೂ "ನಿನ್ನ ಸೊಂಟ ನೋಡ್ಕೋ ಹೋಗು" ಎನ್ನುತ್ತಿದ್ದಳು.

ಹೋದ ವರ್ಷ ನಾನೇ ಮೇಲೆ ಬಿದ್ದು ಅಂಗಡಿಗೆ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಟ್ಟೆ. ಯಾರು ಬೇಕಾದರೂ ನೋಡುವಂತೆ ಇಟ್ಟೆ. ಅಂಗಡಿ ಅಂದಮೇಲೆ ಬಾಗಿಲು ತೆರೆದಿರಬೇಡವೇ? ಅಕ್ಕ ಹಾಕುತ್ತಿದ್ದ ಫೋಟೋಗಳೋ, ದೇವರೇ ಗತಿ. ಪ್ಯಾಂಟು, ಕೋಟು, ಅಂಗಿ, ಎಲ್ಲದರದ್ದೂ ಒಳಮೈ. ಊಟಕ್ಕೆ ಕೂತರೂ ಅವಳಿಗೆ ಅದೇ ಧ್ಯಾನ.

"ಇಪ್ಪತ್ತಾರು ಜನ ನೋಡಿದ್ದಾರೆ ಅಂತಿದೆ. ಯಾರು ಅವರೆಲ್ಲ?"

"ಯಾರೋ. ನಿಂಗ್ಯಾಕೆ?"

"ನಾನು ಅವರನ್ನ ನೋಡದೇನೇ ಅವರು ನನ್ನ ಅಂಗಡಿ ನೋಡ್ಬಹುದಾ? ನೋಡಿ ಏನ್ಮಾಡ್ತಾರೆ? ಇಟ್ಕೊತಾರಾ?"

ಅನ್ನ ಆರುತ್ತಿದೆ, ಮೊದಲು ಊಟ ಮಾಡು ಎಂದು ನಾನು ಮಾತು ತೇಲಿಸಿದೆ.

ಆ ದಿನಗಳಲ್ಲೇ ಅಂಗಡಿಗೆ ಬಂದವರು ಗ್ರಂಥಾಲಯದ ಮೇಡಂ. ಅವರಿಗೆ ಆಪರೇಷನ್ನಿನಲ್ಲಿ ಎಡಸ್ತನ ತೆಗೆದಿದ್ದರು. ಮಗಳ ಮನೆಗೆ ಹೋಗಿದ್ದೆ ಎಂದು ಎಲ್ಲರಿಗೂ ಹೇಳಿ, ಸೋಮವಾರ ಕೆಲಸಕ್ಕೆ ವಾಪಸು ಹೋಗುವವರಿದ್ದರು. ಎಡಗಡೆ ಒಳಗೊಂದು ಜೇಬಿಟ್ಟು, ಅದರಲ್ಲಿ ಮೆತ್ತೆ ಇಟ್ಟುಕೊಳ್ಳುವಂತೆ ಅಂಗಿ ಹೊಲಿಯಬೇಕಿತ್ತು. ಅಕ್ಕ ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ನಾಲ್ಕನೆಯ ಸಲಕ್ಕೆ ಹೊರಗಿನಿಂದ ಒಂದು ಗೆರೆಯೂ ಕಾಣದಂತೆ ಜೇಬು ಕೂತಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಅವತ್ತು ಅಕ್ಕ ನನ್ನನ್ನು ಕೇಳಿದ್ದು ಇಷ್ಟೇ: "ಹೆಸರು ಹಾಕಲ್ಲ, ಮುಖ ಇಲ್ಲ. ಬರೀ ಹೊಲಿಗೆ. ಯಾರದ್ದು ಅಂತ ಯಾರಿಗೆ ಗೊತ್ತಾಗುತ್ತೆ, ಅಲ್ವಾ?"

"ಯಾರಿಗೂ ಗೊತ್ತಾಗಲ್ಲ" ಎಂದೆ. ಅಂಗಿಯನ್ನು ಒಳಮಗ್ಗುಲು ಮಾಡಿ ಫೋಟೋ ಹಾಕಿದಳು.

ಮರುದಿನ ಮಧ್ಯಾಹ್ನ ಬೇಕರಿಯವಳು ಫೋಟೋದ ಕೆಳಗೆ ಬರೆದಿದ್ದಳು: "ಈ ನೀಲಿ ಪಟ್ಟೆ ಬಟ್ಟೆ ಲೈಬ್ರರಿ ಮೇಡಂದಲ್ವಾ? ತಗೊಳ್ಳುವಾಗ ನಾನೂ ಬಟ್ಟೆ ಅಂಗಡೀಲಿದ್ದೆ. ಎದೆ ಹತ್ರ ಜೇಬ್ಯಾಕೆ, ಗಂಟು ಬಚ್ಚಿಡೋಕಾ?" ಕೆಟ್ಟವಳಲ್ಲ ಅವಳು, ನಾಲಿಗೆ ಮಾತ್ರ ಉದ್ದ.

ಅಕ್ಕ ಫೋನ್ ಮಾಡಿ ನನ್ನನ್ನು ಕರೆಸಿಕೊಂಡಳು. ಆ ಜೇಬು ಯಾತಕ್ಕೆ ಎಂದು ಆಗಲೇ ನನಗೆ ಹೇಳಿದ್ದು. ಕೂಡಲೇ ಫೋಟೋ ಅಳಿಸಿದೆ.

"ಅಳಿಸಿದ್ರೆ ನೋಡಿದೋರ ಹತ್ರಾನೂ ಹೋಗುತ್ತಾ?"

"ಇಲ್ಲ ಅಕ್ಕ. ಯಾರಾದ್ರೂ ಇಟ್ಕೊಂಡಿದ್ರೆ ನಮಗೆ ಗೊತ್ತಾಗಲ್ಲ."

"ಅವತ್ತು ಊಟಕ್ಕೆ ಕೂತಾಗ ಇದನ್ನೇ ಕಣೇ ಕೇಳಿದ್ದು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೋಡಿದವರು ನಲವತ್ತೊಂದು ಜನ. ನಾನು, ನಾಚಿಕೆಯಾಗುತ್ತದೆ ಹೇಳಲು, ಸುಮ್ಮನಿದ್ದುಬಿಡೋಣ ಎಂದೆ. ಅಕ್ಕ ಒಪ್ಪಲಿಲ್ಲ. "ಸೋಮವಾರ ಆ ಅಂಗಿ ಹಾಕ್ಕೊಂಡು ಹೋಗ್ತಾರೆ. ಎದುರಿಗಿರೋರಿಗೆಲ್ಲ ಗೊತ್ತು ಅನ್ನೋದು ಅವರಿಗೊಬ್ರಿಗೆ ಗೊತ್ತಿರಲ್ಲ. ಅದು ಬೇಡ."

ಸಂಜೆ ಮೇಡಂ ಅಂಗಿ ತೆಗೆದುಕೊಳ್ಳಲು ಬಂದರು. ಅಕ್ಕ ಒಂದನ್ನೂ ಬಚ್ಚಿಡಲಿಲ್ಲ. ಫೋಟೋ, ಬೇಕರಿಯವಳ ಮಾತು, ನಲವತ್ತೊಂದು, ಎಲ್ಲ ಹೇಳಿದಳು. ಪುಟ ಮಾಡಿದ್ದು ನಾನು ಎಂದು ನಾನೂ ಒಪ್ಪಿಕೊಂಡೆ. ಮೇಡಂ ಮಡಿಸಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ನನ್ನ ತಮ್ಮನಿಗೂ ಹೇಳಿಲ್ಲ" ಎಂದರು. "ಅಮ್ಮ ಹೋಗಿದ್ದೂ ಇದೇ ಕಾಯಿಲೇಲಿ. ಅವನು ಹೆದರ್ಕೊತಾನೆ. ಹೇಗೆ ಹೇಳ್ಬೇಕು ಅಂತ ಮೂರು ತಿಂಗಳಿಂದ ಮಾತು ಜೋಡಿಸ್ಕೊತಿದ್ದೆ."

ಅಕ್ಕ ಅಳುತ್ತಿದ್ದಳು. "ತಪ್ಪಾಯ್ತು ಮೇಡಂ."

"ತಪ್ಪಾಯ್ತು" ಎಂದು ಮೇಡಂ ಒಪ್ಪಿದರು. ಪರವಾಗಿಲ್ಲ ಎನ್ನಲಿಲ್ಲ. ಚೀಲದಿಂದ ಫೋನ್ ತೆಗೆದರು. "ಸ್ವಲ್ಪ ಹೊತ್ತು ಹೊರಗಿರ್ತೀರಾ? ಬೇರೆ ಯಾರೋ ಹೇಳೋಕ್ಕೆ ಮುಂಚೆ ನಾನೇ ಹೇಳ್ಬೇಕು ಅವನಿಗೆ."

ನಾವಿಬ್ಬರೂ ಬೀದಿಗೆ ಬಂದು ಬಾಗಿಲು ಎಳೆದುಕೊಂಡೆವು. ಒಳಗಿನಿಂದ "ಹಲೋ, ಪುಟ್ಟಾ" ಎಂಬ ದನಿ ಕೇಳಿತು. ಅಕ್ಕ ನನ್ನ ತೋಳು ಹಿಡಿದು ಬಾಗಿಲಿನಿಂದ ಇನ್ನೂ ನಾಲ್ಕು ಹೆಜ್ಜೆ ದೂರಕ್ಕೆ ಕರೆದುಕೊಂಡು ಹೋದಳು.