ಅಕ್ಕನವರ ಗೇಟಿನ ಬೀಗ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ವಿಜಯಪುರದಲ್ಲಿ ಮಕ್ಕಳ ರಕ್ಷಣಾ ಅಧಿಕಾರಿಯಾಗಿದ್ದೆ. ಒಂದು ಬೆಳಿಗ್ಗೆ ಬಬಲೇಶ್ವರದ ಮಲ್ಲಪ್ಪ ಎಂಬ ರೈತ ಕಚೇರಿಗೆ ಬಂದ. ಹದಿನಾರು ವರ್ಷದ ತನ್ನ ಮಗಳು ಸುಜಾತಾಳನ್ನು ತಿಕೋಟಾ ಬಳಿಯ ಆಶ್ರಮದ ಸನ್ಯಾಸಿನಿ ಕೂಡಿಹಾಕಿದ್ದಾರೆ ಎಂದು ದೂರಿದ. ಊರವರು ಅವರನ್ನು ಅಕ್ಕನವರು ಎನ್ನುತ್ತಿದ್ದರು.

"ನನ್ನ ಮಗಳಿಗೂ ಕಾವಿ ಉಡಸಾಕ ಹೊಂಟಾರ್ರಿ, ಮೇಡಂ."

ಅಕ್ಕನವರು ಪ್ರವಚನದಲ್ಲಿ ಮಕ್ಕಳ ಹಕ್ಕು, ಕಾನೂನು ಎಂದೆಲ್ಲ ಹೇಳುತ್ತಾರೆಂದು ಕೇಳಿದ್ದೆ. ಅದು ತೋರಿಕೆ ಇರಬಹುದೆನಿಸಿತು. ಮಲ್ಲಪ್ಪನಿಗೆ ಕಚೇರಿಯಲ್ಲೇ ಇರಲು ಹೇಳಿ ಅಥಣಿ ರಸ್ತೆ ಹಿಡಿದೆ.

ತಿಕೋಟಾದಲ್ಲಿ ದಾರಿ ಕೇಳಲು ಜೀಪು ನಿಲ್ಲಿಸಿದಾಗ ಚಹಾದಂಗಡಿಯಾಕೆ ದನಿ ತಗ್ಗಿಸಿದಳು: "ಆ ಹುಡಿಗೀದು ಲಗ್ನ ಗೊತ್ತಾಗೇತ್ರಿ. ವರ ಅಕ್ಕಾರ ತಮ್ಮನ ಮಗಾನ ಅದಾನ."

ಮಲ್ಲಪ್ಪ ಮದುವೆಯ ಮಾತನ್ನೇ ಎತ್ತಿರಲಿಲ್ಲ. ಹದಿನೆಂಟು ತುಂಬದವಳ ಮದುವೆ ಅಪರಾಧ. ಹಾಗಾದರೆ ಅಕ್ಕನವರು ತಮ್ಮನ ಸೊಸೆಯಾಗುವವಳನ್ನು ಮುಹೂರ್ತದವರೆಗೆ ಬಚ್ಚಿಟ್ಟಿದ್ದಾರೆಯೇ? ಹಾಗಿದ್ದರೆ ಮಲ್ಲಪ್ಪನೇಕೆ ದೂರು ಕೊಟ್ಟ? ಇಬ್ಬರ ಮೇಲೂ ಸಂಶಯ ಬಂತು.

ಆಶ್ರಮದ ಗೇಟಿಗೆ ಒಳಗಿನಿಂದ ಬೀಗ. ಅಕ್ಕನವರು ಬಂದು ನನ್ನ ಗುರುತಿನ ಚೀಟಿ ಓದಿದರೇ ಹೊರತು ಬೀಗ ತೆಗೆಯಲಿಲ್ಲ.

"ನಿಮ್ಮ ಹಿಂದ ಬೈಕ್ ಮ್ಯಾಲೆ ಅವರಪ್ಪ ಬಂದು ನಿಂತಾನ. ಮದ್ಲ ಅವನ್ನ ಕಳಸ್ರಿ."

ತಿರುಗಿ ನೋಡಿದೆ, ನಿಜ. ಚಾಲಕನಿಗೆ ಹೇಳಿ ಅವನನ್ನು ಮುಖ್ಯರಸ್ತೆಗೆ ಕಳಿಸಿದೆ. "ಹುಡಿಗಿ ಜೋಡಿ ನಾ ಒಬ್ಬಾಕಿನ ಮಾತಾಡಬೇಕ್ರಿ," ಎಂದೆ.

"ಮಾತಾಡ್ರಿ. ನಾನೂ ಹೊರಗ ಇರತೇನಿ. ನನ್ನ ಮುಂದ ಆಕಿ ಖರೆ ಹೇಳ್ತಾಳಂತ ನೀವರೆ ಯಾಕ ನಂಬಬೇಕು?" ಅವರು ಬೀಗ ತೆಗೆದು ನನ್ನನ್ನು ಒಳಗೆ ಬಿಟ್ಟು, ಕೀಲಿ ನನ್ನ ಕೈಗಿಟ್ಟು ಹೊರಗೆ ಹೋಗಿ ಕುಳಿತರು.

ಸುಜಾತಾ ಗೋಡೆಗೆ ಒತ್ತಿ ನಿಂತಿದ್ದಳು. "ನಮ್ಮಪ್ಪ ಕಳಿಸ್ಯಾನೇನ್ರಿ?" ದೂರು ಅವನದಾದರೂ ನಾನು ಅವನ ಪರವಾಗಿ ಬಂದಿಲ್ಲ ಎಂದು ನಂಬಿಸಲು ಹೊತ್ತು ಹಿಡಿಯಿತು.

"ಒಲ್ಲದ ಲಗ್ನ ಮಾಡಾಕತ್ತಿದ್ರ ನನ್ನ ಕಡೆ ಬರ್ರಿ ಅಂತ ಅಕ್ಕಾರು ಪ್ರವಚನದಾಗ ಹೇಳಿದ್ರು. ವರ ಅವರ ಮನಿಯಾಂವನ. ಅಂಜಿಕೋತನ ನಿನ್ನೆ ಸಂಜಿಗೆ ಬಂದ್ನಿ. ಅವರು ತಮ್ಮಗ ಫೋನ್ ಹಚ್ಚಿ, 'ಈ ಲಗ್ನ ಮಾಡಿದ್ರ ಮದ್ಲ ಕೇಸ್ ಹಾಕಾಕಿ ನಾನ' ಅಂದ್ರು. ಇವತ್ತ ನಿಮ್ಮ ಆಫೀಸಿಗೇ ಕರ್ಕೊಂಡ ಬರೋರಿದ್ರು." ಮಗಳನ್ನು ಮದುವೆಗೆ ಮರಳಿ ಎಳೆದೊಯ್ಯಲು ಮಲ್ಲಪ್ಪ ನನ್ನನ್ನೇ ಬಳಸಿಕೊಂಡಿದ್ದ ಎಂದು ಆಗ ತಿಳಿಯಿತು.

ಸಂಕಟದಲ್ಲಿರುವ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅಕ್ಕನವರು ತಮ್ಮನ ಎದುರೇ ಹೇಳಿಕೆ ಕೊಟ್ಟರು. ಮದುವೆ ನಿಂತಿತು. ಸುಜಾತಾ ಹಾಸ್ಟೆಲ್ ಸೇರಿ ಓದು ಮುಂದುವರಿಸಿದಳು. ಅಕ್ಕನವರ ತವರಿನವರು ಆಶ್ರಮಕ್ಕೆ ಬರುವುದನ್ನು ಬಿಟ್ಟರು.

ಮುಂದಿನ ಪ್ರವಚನಕ್ಕೆ ನಾನೂ ಹೋದೆ. ಅರ್ಧ ಜಮಖಾನೆ ಖಾಲಿಯಿತ್ತು. ವಿಷಯ ಮಾತ್ರ ಅದೇ. ಮುಗಿದ ಮೇಲೆ ಅಕ್ಕನವರು ಕೇಳಿದರು: "ಇನ್ನೂ ಸಂಶಯ ಐತೇನ್ರಿ?"

"ಸ್ವಲ್ಪ ಐತ್ರಿ."

ಅವರು ನಕ್ಕರು. "ಇರ್ಲಿ. ನಾಳೆ ಮತ್ತೊಬ್ಬಾಕಿ ಬಂದ್ರೂ ಹಿಂಗ ಬಂದು ಕೇಳ್ರಿ."

ನಿವೃತ್ತಿಯವರೆಗೂ ಹಾಗೆಯೇ ಮಾಡಿದೆ. ಮಗುವನ್ನು ಒಂಟಿಯಾಗಿ ಕೂರಿಸಿ ಕೇಳುವ ತನಕ ಹೆತ್ತವರನ್ನೂ ನಂಬಲಿಲ್ಲ, ಕಾವಿಯನ್ನೂ ದೂರಲಿಲ್ಲ.